ತಾಜ್ ಹೋಟೆಲನ್ನು ಹಿಂದುಮುಂದಾಗಿ ಕಟ್ಟಿದರೇ?

ನಾನು ಹತ್ತನೆಯ ತರಗತಿಯಲ್ಲಿದ್ದಾಗ ಒಂದು ದಿನ ಸಮಾಜ ವಿಜ್ಞಾನದ ಮೇಷ್ಟ್ರು ಗೇಟ್‌ವೇ ಆಫ್ ಇಂಡಿಯಾದ ಚಿತ್ರ ತೋರಿಸಿ, "ಇದರ ಬಗ್ಗೆ ಯಾರಿಗಾದರೂ ಏನಾದರೂ ಗೊತ್ತಿದೆಯೇ?" ಎಂದು ಕೇಳಿದರು. ನಾನು ಎದ್ದು ನಿಂತೆ. ಗೇಟ್‌ವೇ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ಆದರೆ ಅದರ ಎದುರಿಗಿರುವ ತಾಜ್ ಹೋಟೆಲಿನ ಬಗ್ಗೆ ಗೊತ್ತಿತ್ತು. "ಸರ್, ತಾಜ್ ಹೋಟೆಲನ್ನು ಹಿಂದುಮುಂದಾಗಿ ಕಟ್ಟಿಬಿಟ್ಟಿದ್ದಾರೆ. ನಕ್ಷೆ ಕೊಟ್ಟ ಇಂಗ್ಲಿಷ್ ಇಂಜಿನಿಯರ್ ರಜೆಗೆ ಊರಿಗೆ ಹೋಗಿದ್ದ. ವಾಪಸು ಬಂದು ನೋಡಿದರೆ ಮುಂಬಾಗಿಲು ಹಿಂದೆ, ಹಿತ್ತಿಲು ಸಮುದ್ರದ ಕಡೆಗೆ. ಅವಮಾನ ತಾಳಲಾರದೆ ಗುಮ್ಮಟದಿಂದ ಹಾರಿ ಸತ್ತ" ಎಂದು ಒಂದೇ ಉಸಿರಿಗೆ ಹೇಳಿದೆ. ತರಗತಿ ನಕ್ಕಿತು. ಮೇಷ್ಟ್ರು ನಗಲಿಲ್ಲ. "ಯಾರು ಹೇಳಿದ್ದು? ಅವರಿಗೆ ಯಾರು ಹೇಳಿದ್ದು? ನೋಡಿದವರು ಯಾರು?" ಎಂದು ಮೂರು ಪ್ರಶ್ನೆ ಕೇಳಿ, "ಉತ್ತರ ಸಿಕ್ಕಿದ ದಿನ ಬಂದು ಹೇಳು" ಎಂದು ಕೂರಿಸಿದರು. ಆ ಮೇಷ್ಟ್ರ ಹೆಸರು ಬರೆಯಬೇಕಾಗಿಲ್ಲ. ಆ ವರ್ಷಗಳಲ್ಲಿ ಇಲ್ಲಿ ಓದಿದ ಎಲ್ಲರಿಗೂ ಅವರ ಮೂರು ಪ್ರಶ್ನೆಗಳು ನೆನಪಿರುತ್ತವೆ.

ಹೇಳಿದವರು ನನ್ನ ದೊಡ್ಡಪ್ಪ. ಹದಿಮೂರನೆಯ ವಯಸ್ಸಿಗೆ ಊರು ಬಿಟ್ಟು ಮುಂಬೈಯ ಕೋಟೆ ಪ್ರದೇಶದ ಒಂದು ಹೋಟೆಲಿನಲ್ಲಿ ಮಾಣಿಯಾಗಿ ಸೇರಿದವರು. ನಮ್ಮ ಕರಾವಳಿಯಿಂದ ಹಾಗೆ ಹೋದವರು ಈ ಊರಿನ ಪ್ರತಿ ಮನೆಯಲ್ಲೂ ಇದ್ದಾರೆ. ಹಗಲು ಲೋಟ ತೊಳೆದು, ರಾತ್ರಿ ಕನ್ನಡ ರಾತ್ರಿ ಶಾಲೆಯಲ್ಲಿ ಓದಿದವರು. ವಾರದ ರಜೆಯ ದಿನ ಅವರು ನಡೆದು ಹೋಗಿ ಕೂರುತ್ತಿದ್ದದ್ದು ಅಪೊಲೊ ಬಂದರಿನ ಕಟ್ಟೆಯ ಮೇಲೆ. ಎದುರಿಗೆ ತಾಜ್. ಮೂವತ್ತೆಂಟು ವರ್ಷ ಆ ಕಟ್ಟಡವನ್ನು ಹೊರಗಿನಿಂದ ನೋಡಿದರು, ಒಳಗೆ ಒಮ್ಮೆಯೂ ಕಾಲಿಡಲಿಲ್ಲ. ಅವರಿಗೆ ಆ ಕತೆ ಹೇಳಿದವರು ಇನ್ನೊಬ್ಬ ಮಾಣಿ. ಅವರಿಗೆ ಹೇಳಿದವರು ಮತ್ತೊಬ್ಬರು.

ನಾನು ಇತಿಹಾಸಕಾರನಲ್ಲ, ಕಂಪ್ಯೂಟರ್ ಓದಿದ ಇಂಜಿನಿಯರ್. ಆದರೆ ಮೇಷ್ಟ್ರ ಸಾಲ ತೀರಿಸಬೇಕೆಂದು ಕೆಲವು ವರ್ಷಗಳಿಂದ ಬಿಡುವಾದಾಗಲೆಲ್ಲ ಈ ಹೋಟೆಲಿನ ಬಗ್ಗೆ ಓದಿದ್ದೇನೆ. ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ನನ್ನ ಉತ್ತರ ಪತ್ರಿಕೆಯನ್ನು ಒಪ್ಪಿಸುತ್ತಿದ್ದೇನೆ.

ಹೋಟೆಲ್ ಕಟ್ಟಿದ್ದೇಕೆ?

ತಾಜ್ ಹೋಟೆಲನ್ನು ಕಟ್ಟಿಸಿದವರು ಜಮ್‌ಶೆಟ್‌ಜಿ ಟಾಟಾ. 1839ರಲ್ಲಿ ಗುಜರಾತಿನ ನವಸಾರಿಯಲ್ಲಿ ಹುಟ್ಟಿದ ಪಾರ್ಸಿ ಉದ್ಯಮಿ. ಇಲ್ಲಿಯೂ ಒಂದು ಪ್ರಸಿದ್ಧ ಕತೆಯಿದೆ. ಆಗ ಮುಂಬೈಯ ದೊಡ್ಡ ಹೋಟೆಲೆಂದರೆ ವಾಟ್ಸನ್ಸ್. ಅಲ್ಲಿಗೆ ಹೋದ ಟಾಟಾರನ್ನು 'ಯುರೋಪಿಯನ್ನರಿಗೆ ಮಾತ್ರ' ಎಂದು ಬಾಗಿಲಲ್ಲೇ ತಡೆದರಂತೆ, ಆ ಸಿಟ್ಟಿಗೆ ಅದಕ್ಕಿಂತ ದೊಡ್ಡ ಹೋಟೆಲ್ ಕಟ್ಟಿದರಂತೆ. ಕೇಳಲು ರೋಮಾಂಚನವಾಗುತ್ತದೆ. ಆದರೆ ಆ ಕಾಲದ ಯಾವ ಗಟ್ಟಿ ದಾಖಲೆಯೂ ಇದಕ್ಕೆ ಆಧಾರವಾಗಿ ಸಿಕ್ಕಿಲ್ಲ, ಇತಿಹಾಸ ಬಲ್ಲವರು ಇದನ್ನು ಅನುಮಾನದಿಂದಲೇ ನೋಡುತ್ತಾರೆ. ಬಿಳಿಯರ ಕ್ಲಬ್ಬು, ಹೋಟೆಲುಗಳಲ್ಲಿ ಭಾರತೀಯರಿಗೆ ಅವಮಾನ ಆಗುತ್ತಿದ್ದದ್ದು ನಿಜ. ಆದ್ದರಿಂದಲೇ ಈ ಕತೆಯನ್ನು ಜನ ಸುಲಭವಾಗಿ ನಂಬಿದರು.

ನಿಜವಾದ ಕಾರಣ ಹುಡುಕಬೇಕಾದರೆ ಆಗಿನ ಮುಂಬೈಯನ್ನು ನೋಡಬೇಕು. 1896ರಲ್ಲಿ ಆ ನಗರಕ್ಕೆ ಪ್ಲೇಗ್ ಬಂತು. ಬಂದರಿನ ಹತ್ತಿರದ ಮಾಂಡ್ವಿಯಲ್ಲಿ ಶುರುವಾದ ರೋಗ ಊರೆಲ್ಲ ಹಬ್ಬಿತು. ಲಕ್ಷಗಟ್ಟಲೆ ಜನ ನಗರ ಬಿಟ್ಟು ಓಡಿದರು. ಗಿರಣಿಗಳಿಗೆ ಕೆಲಸಗಾರರು ಸಿಗದಂತಾಯಿತು. ಮುಂಬೈ ಎಂದರೆ ಸಾವಿನ ಊರು ಎಂಬ ಹೆಸರು ಬಂತು. ಎರಡು ವರ್ಷದ ನಂತರ ಅದೇ ಪ್ಲೇಗ್ ಬೆಂಗಳೂರಿಗೂ ಬಂತು. ಇಕ್ಕಟ್ಟಾದ ಪೇಟೆಯಿಂದ ಜನರನ್ನು ಹೊರಗೆ ತರಲು ಅಲ್ಲಿ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದವು. ಮುಂಬೈಯಲ್ಲಿ ಟಾಟಾರು ಆ ಕಷ್ಟದ ದಿನಗಳಲ್ಲಿಯೇ ಹೋಟೆಲ್ ಕಟ್ಟುವ ಯೋಚನೆಗೆ ಕೈಹಾಕಿದರು. ಟೈಮ್ಸ್ ಆಫ್ ಇಂಡಿಯಾದ ಆಗಿನ ಸಂಪಾದಕ, ಟಾಟಾರ ಸ್ನೇಹಿತ ಲೊವಾಟ್ ಫ್ರೇಸರ್ ಬರೆದಿರುವ ಪ್ರಕಾರ ಟಾಟಾರಿಗೆ ಹೋಟೆಲಿನ ಮಾಲೀಕನಾಗುವ ಆಸೆಯೇ ಇರಲಿಲ್ಲ. ಹೊರಗಿನ ಜನ ಭಾರತಕ್ಕೆ ಬರಬೇಕು, ಮುಂಬೈ ಸುಧಾರಿಸಬೇಕು ಎಂಬುದಷ್ಟೇ ಅವರ ಬಯಕೆಯಾಗಿತ್ತು. ಅವಮಾನಕ್ಕೆ ಸೇಡು ತೀರಿಸಿಕೊಂಡ ಕತೆಗಿಂತ, ಜನ ಬಿಟ್ಟು ಓಡುತ್ತಿದ್ದ ಊರಿನ ಮೇಲೆ ಒಬ್ಬರು ನಂಬಿಕೆಯಿಟ್ಟು ಹಣ ಹಾಕಿದ ಈ ಸಂಗತಿಯೇ ನನಗೆ ದೊಡ್ಡದಾಗಿ ಕಾಣುತ್ತದೆ.

ಮನೆಯವರಿಗೆ ಇದು ಹಿಡಿಸಿರಲಿಲ್ಲವಂತೆ. ನೀನು ವಿಜ್ಞಾನ ಸಂಸ್ಥೆ, ಉಕ್ಕಿನ ಕಾರ್ಖಾನೆ ಎಂದೆಲ್ಲ ಹೇಳುತ್ತಿದ್ದವನು ಈಗ ಅನ್ನದಂಗಡಿ ತೆರೆಯುತ್ತೀಯಾ ಎಂದು ಅವರ ಅಕ್ಕತಂಗಿಯರಲ್ಲಿ ಒಬ್ಬರು ಗದರಿದರೆಂದು ಅವರ ಜೀವನಚರಿತ್ರೆಗಳಲ್ಲಿ ಬರುತ್ತದೆ. ಇದನ್ನು ಓದಿದಾಗ ನನಗೆ ನಮ್ಮೂರೇ ನೆನಪಾಯಿತು. ಅನ್ನ ಮಾರುವುದು ಪಾಪವೆಂದು ನಂಬಿದ್ದ ಊರು ನಮ್ಮದು. ಹೋಟೆಲಿಗೆ ಹೋದ ಹುಡುಗ ಕೆಟ್ಟ ಎನ್ನುತ್ತಿದ್ದ ಅದೇ ಊರಿನಲ್ಲಿ, ಹೋಟೆಲಿಗೆ ಹೋದ ಹುಡುಗರು ಕಳಿಸಿದ ಮನಿಯಾರ್ಡರಿನಿಂದಲೇ ಎಷ್ಟೋ ಮಕ್ಕಳು ಈ ಶಾಲೆಯ ಫೀಸು ಕಟ್ಟಿದ್ದೇವೆ.

ಕಟ್ಟಿದವರು ಯಾರು?

ಜಾಗ ಸಿಕ್ಕಿದ್ದು ಅಪೊಲೊ ಬಂದರಿನಲ್ಲಿ, ಸಮುದ್ರವನ್ನು ತುಂಬಿಸಿ ಮಾಡಿದ ನೆಲದಲ್ಲಿ. ನಕ್ಷೆ ಮಾಡಿದವರು ಇಬ್ಬರು: ರಾವ್‌ಸಾಹೇಬ್ ಸೀತಾರಾಮ್ ಖಂಡೇರಾವ್ ವೈದ್ಯ ಮತ್ತು ಡಿ. ಎನ್. ಮಿರ್ಜಾ. ಇಬ್ಬರೂ ಭಾರತೀಯರು. ವೈದ್ಯರು ಹೊಸಬರೇನಲ್ಲ. ಎಫ್. ಡಬ್ಲ್ಯೂ. ಸ್ಟೀವನ್ಸ್ ವಿಕ್ಟೋರಿಯಾ ಟರ್ಮಿನಸ್ ಕಟ್ಟಿಸುವಾಗ ಅವರ ಕೈಕೆಳಗೆ ಸಹಾಯಕ ಇಂಜಿನಿಯರ್ ಆಗಿ ದುಡಿದಿದ್ದವರು. ಆದರೆ ತಾಜ್ ಮುಗಿಯುವುದನ್ನು ನೋಡಲು ಅವರು ಉಳಿಯಲಿಲ್ಲ, ಕೆಲಸ ನಡೆಯುತ್ತಿರುವಾಗಲೇ ತೀರಿಕೊಂಡರು. ಉಳಿದ ಕೆಲಸವನ್ನು ಡಬ್ಲ್ಯೂ. ಎ. ಚೇಂಬರ್ಸ್ ಎಂಬ ಇಂಗ್ಲಿಷ್ ವಾಸ್ತುಶಿಲ್ಪಿ ಮುಗಿಸಿದರು. ಕಟ್ಟುವ ಗುತ್ತಿಗೆ ಹಿಡಿದವರು ಖಾನ್‌ಸಾಹೇಬ್ ಸೊರಾಬ್‌ಜಿ ರತನ್‌ಜಿ ಕಾಂಟ್ರಾಕ್ಟರ್. ಹೋಟೆಲಿನ ನಡುವೆ ಕೆಳಗಿನಿಂದ ಕಂಬದ ಆಸರೆಯಿಲ್ಲದೆ ಗೋಡೆಯನ್ನೇ ಹಿಡಿದು ಮೇಲೇರುವ ಪ್ರಸಿದ್ಧ ಮೆಟ್ಟಿಲು ಅವರದೇ ಕಲ್ಪನೆ.

ಎಂದರೆ ನಾನು ತರಗತಿಯಲ್ಲಿ ಹೇಳಿದ ಕತೆಯ ಬುಡವೇ ಅಲ್ಲಾಡಿತು. ನಕ್ಷೆ ಮಾಡಿದವರು ಇಂಗ್ಲಿಷರಲ್ಲ, ರಜೆಗೆ ಇಂಗ್ಲೆಂಡಿಗೆ ಹೋಗುವ ಪ್ರಶ್ನೆಯೇ ಇಲ್ಲ. ಮುಗಿದ ಕಟ್ಟಡವನ್ನು ನೋಡಿ ಹಾರಲು ವೈದ್ಯರು ಅಷ್ಟು ಹೊತ್ತಿಗೆ ಬದುಕಿರಲಿಲ್ಲ. ಕಟ್ಟಡ ಮುಗಿಸಿದ ಚೇಂಬರ್ಸ್ ಯಾವ ಗುಮ್ಮಟದಿಂದಲೂ ಹಾರಲಿಲ್ಲ.

ಹಾಗಾದರೆ ಹಿಂದುಮುಂದು?

ಸಮುದ್ರದ ಕಡೆಯಿಂದ ನಮಗೆ ಕಾಣುವುದು ನಿಜಕ್ಕೂ ಆ ಕಟ್ಟಡದ ಹಿಂಬದಿಯೇ. ಮೊದಲಿನ ಮುಖ್ಯ ಬಾಗಿಲು ಪಶ್ಚಿಮಕ್ಕೆ, ಊರಿನ ಕಡೆಗಿತ್ತು. ಈಗ ಈಜುಕೊಳ ಇರುವ ಕಡೆ. ಆದರೆ ಅದು ತಪ್ಪಲ್ಲ, ಬೇಕೆಂದೇ ಮಾಡಿದ್ದು. ಮೂರು ಕಾರಣಗಳನ್ನು ನಾವು ಸುಲಭವಾಗಿ ಅರ್ಥ ಮಾಡಿಕೊಳ್ಳಬಹುದು.

ಮೊದಲನೆಯದು ಗಾಡಿ. 1903ರಲ್ಲಿ ಅತಿಥಿಗಳು ಬರುತ್ತಿದ್ದದ್ದು ಕುದುರೆ ಗಾಡಿಯಲ್ಲಿ. ಊರಿನ ಕಡೆಯಿಂದ ಬಂದ ಗಾಡಿ ನೇರವಾಗಿ ಬಾಗಿಲ ಮುಂದೆ ನಿಲ್ಲಬೇಕಲ್ಲ.

ಎರಡನೆಯದು ಗಾಳಿ. ಮುಂಬೈಯ ಬಂದರು ನಗರದ ಪೂರ್ವಕ್ಕಿದೆ, ಅರಬ್ಬೀ ಸಮುದ್ರ ಪಶ್ಚಿಮಕ್ಕಿದೆ. ಮಧ್ಯಾಹ್ನದ ಮೇಲೆ ಕಡಲಗಾಳಿ ಪಶ್ಚಿಮದಿಂದ ಬೀಸುತ್ತದೆ. ಇದು ನಮ್ಮೂರಿನ ಮೀನುಗಾರರಿಗೆ ಯಾರೂ ಹೇಳಿಕೊಡಬೇಕಾದ ವಿಷಯವಲ್ಲ. ಕಟ್ಟಡದ ಎರಡು ತೋಳುಗಳು ಪಶ್ಚಿಮಕ್ಕೆ ಚಾಚಿ ನಡುವೆ ಅಂಗಳ ಬಿಟ್ಟಿವೆ, ಬಂದ ಗಾಳಿಯನ್ನು ಬಾಚಿ ಒಳಗೆ ಎಳೆದುಕೊಳ್ಳುವ ಹಾಗೆ. ಹವಾನಿಯಂತ್ರಣ ಇಲ್ಲದ ಕಾಲದಲ್ಲಿ ಇದಕ್ಕಿಂತ ಬುದ್ಧಿವಂತಿಕೆ ಬೇರೆ ಇಲ್ಲ.

ಮೂರನೆಯದು ನೋಟ. ಬಾಗಿಲು, ಗಾಡಿ, ಕುದುರೆ, ಗಲಾಟೆ ಎಲ್ಲವೂ ಹಿಂದಾದರೆ, ಬಂದರಿನ ಕಡೆಯ ಗೋಡೆಯುದ್ದಕ್ಕೂ ಕೋಣೆಗಳನ್ನೇ ಇಡಬಹುದು. ಹಣ ಕೊಟ್ಟು ಬಂದವರಿಗೆ ಕಿಟಕಿಯಲ್ಲಿ ಸಮುದ್ರ ಕಾಣುತ್ತದೆ.

ಇನ್ನೊಂದು ಮಾತನ್ನೂ ನೆನಪಿಡಬೇಕು. ನಾವು 'ತಾಜ್ ಗೇಟ್‌ವೇ ಎದುರಿಗಿದೆ' ಎನ್ನುತ್ತೇವೆ. ತಾಜ್ ತೆರೆದಾಗ ಗೇಟ್‌ವೇ ಇರಲೇ ಇಲ್ಲ. ಐದನೆಯ ಜಾರ್ಜ್ ದೊರೆ 1911ರ ಡಿಸೆಂಬರಿನಲ್ಲಿ ಬಂದಿಳಿದ ನೆನಪಿಗೆ, ಜಾರ್ಜ್ ವಿಟೆಟ್ ಅವರ ನಕ್ಷೆಯಂತೆ ಅದು ಎದ್ದು ನಿಂತು ಉದ್ಘಾಟನೆಯಾದದ್ದು 1924ರಲ್ಲಿ. ಅದಕ್ಕೂ ಮುಂಚಿನ ಎರಡು ದಶಕ ಹಡಗಿನಲ್ಲಿ ಬಂದವರಿಗೆ ಮುಂಬೈಯ ಗುರುತಾಗಿದ್ದದ್ದು ತಾಜಿನ ಗುಮ್ಮಟ. ನಮ್ಮ ಮೀನುಗಾರರು ಗುಡ್ಡ, ತೆಂಗಿನ ತೋಪು, ದೇವಸ್ಥಾನವನ್ನು ಗುರುತಿಟ್ಟುಕೊಂಡು ದಡ ಸೇರುವ ಹಾಗೆ, ಬಂದರಿಗೆ ಬರುವ ಹಡಗುಗಳಿಗೂ ಆ ಗುಮ್ಮಟ ಗುರುತಾಯಿತು.

ಹದಿನೇಳು ಅತಿಥಿಗಳು

1903ರ ಡಿಸೆಂಬರ್ 16ರಂದು ಹೋಟೆಲ್ ತೆರೆಯಿತು. ಮೊದಲ ದಿನ ಇದ್ದ ಅತಿಥಿಗಳು ಹದಿನೇಳು ಮಂದಿ. ಖರ್ಚಾದದ್ದು ಸುಮಾರು ಎರಡೂವರೆ ಲಕ್ಷ ಪೌಂಡ್ ಎಂದು ಲೆಕ್ಕ. ವಿದ್ಯುತ್ ದೀಪ, ಅಮೆರಿಕದ ಫ್ಯಾನು, ಜರ್ಮನಿಯ ಲಿಫ್ಟು, ಟರ್ಕಿಯ ರೀತಿಯ ಸ್ನಾನಗೃಹ ಎಲ್ಲ ಇದ್ದವು. ಆ ಕಾಲಕ್ಕೆ ಹೋಲಿಸಿ ನೋಡಿದರೆ ಇದರ ಬೆಲೆ ತಿಳಿಯುತ್ತದೆ: ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋದದ್ದು 1902ರಲ್ಲಿ, ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ.

ಐದು ತಿಂಗಳ ನಂತರ, 1904ರ ಮೇ 19ರಂದು ಜಮ್‌ಶೆಟ್‌ಜಿ ಜರ್ಮನಿಯಲ್ಲಿ ತೀರಿಕೊಂಡರು. ಅವರು ಕಂಡಿದ್ದ ನಾಲ್ಕು ಕನಸುಗಳಲ್ಲಿ — ಉಕ್ಕಿನ ಕಾರ್ಖಾನೆ, ಜಲವಿದ್ಯುತ್, ವಿಜ್ಞಾನ ಸಂಸ್ಥೆ, ಹೋಟೆಲ್ — ಅವರ ಕಣ್ಣೆದುರಿಗೆ ನೆರವೇರಿದ್ದು ಹೋಟೆಲ್ ಒಂದೇ. ವಿಜ್ಞಾನ ಸಂಸ್ಥೆಗೆ ಮೈಸೂರು ಸಂಸ್ಥಾನ ಬೆಂಗಳೂರಿನಲ್ಲಿ 371 ಎಕರೆ ಜಾಗ ಕೊಟ್ಟಿತು, 1909ರಲ್ಲಿ ಅದು ಹುಟ್ಟಿತು. ನಾವೆಲ್ಲ 'ಟಾಟಾ ಇನ್‌ಸ್ಟಿಟ್ಯೂಟ್' ಎನ್ನುವುದು ಅದನ್ನೇ. ಬಸವನಗುಡಿಯ ಕಡೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ 'ಟಾಟಾ ಸಿಲ್ಕ್ ಫಾರ್ಮ್' ಎಂದು ಕೂಗುವಾಗ ನನಗೆ ಈಗಲೂ ತಾಜ್ ನೆನಪಾಗುತ್ತದೆ. ಜಪಾನಿನ ರೀತಿಯಲ್ಲಿ ರೇಷ್ಮೆ ಬೆಳೆಯಲು ಅದೇ ಟಾಟಾರು ಅಲ್ಲಿ ತೋಟ ಮಾಡಿಸಿದ್ದರು.

ಮುಂದೆ ಆ ಕಟ್ಟಡ ಹಲವು ಕಾಲಗಳನ್ನು ಕಂಡಿತು. ಮೊದಲ ಮಹಾಯುದ್ಧದ ಸಮಯದಲ್ಲಿ 600 ಹಾಸಿಗೆಯ ಆಸ್ಪತ್ರೆಯಾಯಿತು. ರಾಜರು, ವೈಸರಾಯರು, ಸ್ವಾತಂತ್ರ್ಯ ಹೋರಾಟದ ನಾಯಕರು ಎಲ್ಲರೂ ಅಲ್ಲಿಗೆ ಬಂದುಹೋದರು. 1948ರ ಫೆಬ್ರವರಿ 28ರಂದು ಬ್ರಿಟಿಷರ ಕೊನೆಯ ಸೈನ್ಯದ ತುಕಡಿ ಗೇಟ್‌ವೇ ಮೂಲಕ ನಡೆದು ಹಡಗು ಹತ್ತಿತು. ದೊರೆಯ ಸ್ವಾಗತಕ್ಕೆಂದು ಕಟ್ಟಿದ ಬಾಗಿಲು ಬೀಳ್ಕೊಡುವ ಬಾಗಿಲಾಯಿತು, ತಾಜ್ ಎರಡಕ್ಕೂ ಸಾಕ್ಷಿಯಾಯಿತು. 1973ರಲ್ಲಿ ಪಕ್ಕದಲ್ಲಿ ಎತ್ತರದ ಹೊಸ ಗೋಪುರ ಸೇರಿಕೊಂಡಿತು. ಇನ್ನು, ಅದರ ಹಳೆಯ ಪ್ರತಿಸ್ಪರ್ಧಿ ವಾಟ್ಸನ್ಸ್? ಇಂಗ್ಲೆಂಡಿನಲ್ಲಿ ಎರಕ ಹೊಯ್ದ ಕಬ್ಬಿಣವನ್ನು ಹಡಗಿನಲ್ಲಿ ತಂದು ಜೋಡಿಸಿದ ಆ ಕಟ್ಟಡದಲ್ಲಿ 1896ರ ಜುಲೈ 7ರಂದು ಭಾರತದ ಮೊದಲ ಸಿನಿಮಾ ಪ್ರದರ್ಶನ ನಡೆದಿತ್ತು. ಹೋಟೆಲ್ ಮುಚ್ಚಿ ಎಷ್ಟೋ ಕಾಲವಾಯಿತು. ಎಸ್ಪ್ಲನೇಡ್ ಮ್ಯಾನ್ಷನ್ ಎಂಬ ಹೆಸರಿನಲ್ಲಿ ಅದು ಜೀರ್ಣವಾಗಿ ನಿಂತಿದೆ.

2008ರ ಆ ಮೂರು ರಾತ್ರಿ

ನನ್ನ ವಯಸ್ಸಿನವರಿಗೆ ತಾಜ್ ಎಂದರೆ ಮೊದಲು ನೆನಪಾಗುವುದು ಟಿವಿಯಲ್ಲಿ ಕಂಡ ಬೆಂಕಿ. 2008ರ ನವೆಂಬರ್ 26ರ ರಾತ್ರಿ ಭಯೋತ್ಪಾದಕರು ಹೋಟೆಲಿಗೆ ನುಗ್ಗಿದರು. 29ರ ಬೆಳಿಗ್ಗೆಯವರೆಗೆ ಹೋರಾಟ ನಡೆಯಿತು. ತಾಜಿನಲ್ಲೇ 31 ಮಂದಿ ಸತ್ತರು. ಅವರಲ್ಲಿ ಹನ್ನೊಂದು ಮಂದಿ ಹೋಟೆಲಿನ ನೌಕರರು. ಹಿಂಬಾಗಿಲು, ಅಡುಗೆಮನೆಯ ದಾರಿ ಎಲ್ಲಿದೆಯೆಂದು ಅವರಿಗೆ ಗೊತ್ತಿತ್ತು. ತಪ್ಪಿಸಿಕೊಂಡು ಓಡಬಹುದಿತ್ತು. ಬದಲಿಗೆ ಅತಿಥಿಗಳನ್ನು ಅದೇ ದಾರಿಯಲ್ಲಿ ಹೊರಗೆ ಕಳಿಸುತ್ತ ನಿಂತರು. ಟೆಲಿಫೋನ್ ಆಪರೇಟರುಗಳು ಕೋಣೆ ಕೋಣೆಗೆ ಕರೆ ಮಾಡಿ, ದೀಪ ಆರಿಸಿ, ಬಾಗಿಲು ತೆರೆಯಬೇಡಿ ಎಂದು ಹೇಳುತ್ತಿದ್ದರು.

ಬೆಂಗಳೂರಿನಲ್ಲಿ ಬೆಳೆದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಆ ಹೋಟೆಲಿನ ಒಳಗೇ ವೀರಮರಣ ಹೊಂದಿದರು. ಗಾಯಗೊಂಡ ಜೊತೆಗಾರನನ್ನು ಸುರಕ್ಷಿತವಾಗಿ ಕಳಿಸಿ ತಾವೊಬ್ಬರೇ ಶತ್ರುಗಳನ್ನು ಬೆನ್ನಟ್ಟಿದ್ದರು. ಆಗ ಅವರಿಗೆ 31 ವರ್ಷ. 2009ರ ಗಣರಾಜ್ಯೋತ್ಸವದಂದು ಅವರಿಗೆ ಮರಣೋತ್ತರ ಅಶೋಕಚಕ್ರ ಪ್ರಕಟವಾಯಿತು. ಯಲಹಂಕದ ಕಡೆ ಒಂದು ರಸ್ತೆ ಅವರ ಹೆಸರಿನಲ್ಲಿದೆ.

ಗೋಪುರದ ಭಾಗ ಆ ಡಿಸೆಂಬರಿನಲ್ಲೇ ಮತ್ತೆ ತೆರೆಯಿತು. ಸುಟ್ಟ ಹಳೆಯ ಭಾಗ ಸರಿಯಾಗಿ ಪೂರ್ಣವಾಗಿ ತೆರೆದದ್ದು 2010ರ ಆಗಸ್ಟ್ 15ರಂದು. ಒಳಗೆ 31 ಹೆಸರುಗಳನ್ನು ಕೆತ್ತಿದ ಸ್ಮಾರಕವಿದೆ. ಅತಿಥಿ, ನೌಕರ ಎಂಬ ಭೇದವಿಲ್ಲದೆ ಎಲ್ಲ ಹೆಸರುಗಳೂ ಒಟ್ಟಿಗಿವೆ.

ದೊಡ್ಡಪ್ಪ ಒಳಗೆ ಹೋದದ್ದು

2019ರಲ್ಲಿ ನೆಂಟರ ಮದುವೆಗೆಂದು ದೊಡ್ಡಪ್ಪನೂ ನಾನೂ ಮತ್ಸ್ಯಗಂಧ ರೈಲು ಹತ್ತಿ ಮುಂಬೈಗೆ ಹೋಗಿದ್ದೆವು. ಒಂದು ಸಂಜೆ ಅವರನ್ನು ತಾಜಿಗೆ ಕರೆದುಕೊಂಡು ಹೋದೆ. "ಬೇಡ ಮಗಾ, ಹೊರಗೆ ಕಟ್ಟೆ ಮೇಲೆ ಕೂತರೆ ಸಾಕು" ಎಂದರು. ಒತ್ತಾಯ ಮಾಡಿದೆ. ತಪಾಸಣೆ ಮುಗಿಸಿ ಒಳಗೆ ಹೋಗಿ ಮೊದಲ ಮಹಡಿಯ ಕಿಟಕಿಯ ಬಳಿ ಕುಳಿತೆವು. ದೊಡ್ಡಪ್ಪ ಸಮುದ್ರ ನೋಡಲಿಲ್ಲ, ಚಹಾ ತಂದವನ ಕೈಯನ್ನೇ ನೋಡುತ್ತಿದ್ದರು. "ಹುಡುಗ ಪಳಗಿದ್ದಾನೆ. ಟ್ರೇ ಅಲ್ಲಾಡಲಿಲ್ಲ" ಎಂದರು. ಬಿಲ್ಲು ಬಂದಾಗ ನಾನು ಮುಚ್ಚಿಟ್ಟೆ.

ಆಗ ಅವರಿಗೆ ವೈದ್ಯರ, ಮಿರ್ಜಾರ ವಿಷಯ ಹೇಳಿದೆ. ಗಾಳಿಯ ಲೆಕ್ಕ, ಗಾಡಿಯ ಲೆಕ್ಕ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಅವರು ಸರಿಯಾಗೇ ಕಟ್ಟಿದ್ದು. ನಾವು ಇಷ್ಟು ವರ್ಷ ಸುಮ್ಮನೆ ಅಪವಾದ ಹೊರಿಸಿದ್ದು" ಎಂದರು.

ಆ ಮಾತು ನನ್ನನ್ನು ಬಿಡಲಿಲ್ಲ. ಹಳೆಯ ಕತೆಯನ್ನು ಮತ್ತೊಮ್ಮೆ ನೋಡಿ. ಅದರಲ್ಲಿ ಬುದ್ಧಿವಂತ ಯಾವಾಗಲೂ ಬಿಳಿಯ, ಎಡವಟ್ಟು ಮಾಡುವವರು ಯಾವಾಗಲೂ ನಮ್ಮ ಮೇಸ್ತ್ರಿಗಳು. ನಕ್ಷೆ ಮಾಡಿದ ಭಾರತೀಯರ ಹೆಸರು ಕತೆಯೊಳಗೆ ಇಲ್ಲವೇ ಇಲ್ಲ. ನಾವೇ ಭಾರತೀಯರು, ನಗುತ್ತ ನಗುತ್ತ ಆ ಕತೆಯನ್ನು ನೂರು ವರ್ಷ ಹೇಳಿಕೊಂಡು ಬಂದೆವು. ಹತ್ತನೆಯ ತರಗತಿಯಲ್ಲಿ ನಾನೂ ಹೇಳಿದೆ. ಯಾರೂ ಕೆಟ್ಟ ಉದ್ದೇಶದಿಂದ ಹೇಳಿದ್ದಲ್ಲ. ಸರಿಯಾದದ್ದನ್ನು ಬಲ್ಲವರು ಹೇಳದೆ ಹೋದಾಗ, ರುಚಿಯಾದದ್ದು ಉಳಿದುಬಿಡುತ್ತದೆ.

ನಮ್ಮ ಶಾಲೆಗೂ ಒಂದು ಕತೆಯಿದೆ

ನಮ್ಮ ಶಾಲೆಯ ಹಳೆಯ ಕಟ್ಟಡದ ಪೂರ್ವದ ಕೊಠಡಿ ಸ್ವಲ್ಪ ಸೊಟ್ಟಗಿದೆ. ಕಟ್ಟಿದ ಮೇಸ್ತ್ರಿ ಕುಡಿದಿದ್ದ ಎಂದು ನಾವೆಲ್ಲ ಕಿರಿಯರಿಗೆ ಹೇಳಿಕೊಟ್ಟಿದ್ದೇವೆ. ಈ ಲೇಖನ ಬರೆಯುವ ಮೊದಲು ಊರಿನ ಹಿರಿಯರೊಬ್ಬರನ್ನು ಕೇಳಿದೆ. ಅಲ್ಲಿ ಒಂದು ಬಾವಿ ಇತ್ತು, ಮಕ್ಕಳ ಕುಡಿಯುವ ನೀರಿಗೆ ಅದನ್ನು ಉಳಿಸಬೇಕೆಂದು ಗೋಡೆಯನ್ನು ಓರೆ ಮಾಡಿಸಿದರು ಎಂದರು. ಯಾವುದು ನಿಜ? ಮೇಷ್ಟ್ರ ಮೂರು ಪ್ರಶ್ನೆ ಇಲ್ಲಿಗೂ ಹೊಂದುತ್ತದೆ. ತಾಜಿಗೂ ನಮಗೂ ಒಂದೇ ವ್ಯತ್ಯಾಸ: ನೋಡಿದವರು ನಮ್ಮಲ್ಲಿ ಇನ್ನೂ ಇದ್ದಾರೆ. ಕಲ್ಲು ಹೊತ್ತವರು, ಜಾಗ ಬಿಟ್ಟುಕೊಟ್ಟವರು, ಮುಂಬೈಯಿಂದ ಚಂದಾ ಎತ್ತಿ ಕಳಿಸಿದವರು ಇನ್ನೂ ನಮ್ಮ ನಡುವೆ ಓಡಾಡುತ್ತಿದ್ದಾರೆ.

ಆದ್ದರಿಂದ ಹಳೆ ವಿದ್ಯಾರ್ಥಿಗಳಲ್ಲಿ, ಊರಿನವರಲ್ಲಿ ನನ್ನದೊಂದು ವಿನಂತಿ. ಈ ಸುವರ್ಣ ಮಹೋತ್ಸವದ ವರ್ಷ ಮುಗಿಯುವುದರೊಳಗೆ ಅವರ ಬಳಿ ಕುಳಿತು ಕೇಳಿ ಬರೆದಿಟ್ಟುಕೊಳ್ಳೋಣ. ಒಂದು ನೋಟ್‌ಬುಕ್ ಸಾಕು, ಅದು ಮುಖ್ಯೋಪಾಧ್ಯಾಯರ ಕೋಣೆಯಲ್ಲಿರಲಿ. ಶತಮಾನೋತ್ಸವದ ಸಂಚಿಕೆಗೆ ಬರೆಯುವ ಮಗು ಅದನ್ನು ತೆರೆದಾಗ ಆ ಮೇಸ್ತ್ರಿಯ ಹೆಸರು ಸಿಗಲಿ. ಅವರು ಕುಡಿದಿದ್ದರೋ ಬಾವಿ ಉಳಿಸಿದ್ದರೋ ಎಂಬ ಸತ್ಯವೂ ಸಿಗಲಿ.

ಮೇಷ್ಟ್ರೇ, ಉತ್ತರ ತಡವಾಯಿತು, ಕ್ಷಮಿಸಿ. ತಾಜ್ ಹೋಟೆಲನ್ನು ಸರಿಯಾಗಿಯೇ ಕಟ್ಟಿದ್ದಾರೆ. ಕಟ್ಟಿದವರ ಹೆಸರು ಸೀತಾರಾಮ್ ಖಂಡೇರಾವ್ ವೈದ್ಯ, ಡಿ. ಎನ್. ಮಿರ್ಜಾ, ಸೊರಾಬ್‌ಜಿ ಕಾಂಟ್ರಾಕ್ಟರ್, ಡಬ್ಲ್ಯೂ. ಎ. ಚೇಂಬರ್ಸ್, ಮತ್ತು ಹೆಸರು ಬರೆದಿಡದ ನೂರಾರು ಕೂಲಿಕಾರರು.



— ಹಳೆ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಇಂಜಿನಿಯರ್, ಬೆಂಗಳೂರು